ಸಕ್ಕರೆ ಫಲಿತಾಂಶವನ್ನು ಮೂವರು ತಿದ್ದುವ ಬಗ್ಗೆ

ಸುತ್ತೋಲೆ

ಸಂಖ್ಯೆ: ಪ್ರಶಾ/ಗುಣ/ತಿದ್ದು/೨೦೦ (ಮೊದಲು ೧೮೦ ಎಂದೂ ಅನಂತರ ೧೬೨ ಎಂದೂ ನಮೂದಾಗಿ, ಕೊನೆಗೆ ೨೦೦ ಎಂದೇ ಸ್ಥಿರಪಡಿಸಲಾಗಿದೆ)

ದಿನಾಂಕ: ಬುಧವಾರ. ಮಂಗಳವಾರ ಹೊರಡಿಸದಿರಲು ಕಾರಣಕ್ಕೆ ಕಂಡಿಕೆ ೪ ನೋಡುವುದು.

ವಿಷಯ: ರಕ್ತದ ಸಕ್ಕರೆ ಫಲಿತಾಂಶಕ್ಕೆ ತಿದ್ದುಪಡಿ ಗುಣಕವನ್ನು ಯಾರು, ಎಷ್ಟು ಸಲ, ಯಾರಿಗೆ ಹೇಳದೆ ಹಾಕಬಹುದು ಎಂಬ ಬಗ್ಗೆ, ಹಾಗೂ ಹಿರಿಯ ತಂತ್ರಜ್ಞೆಯವರ ರಜೆಯ ಬಗ್ಗೆ.

ಉಲ್ಲೇಖ:
(ಅ) ಗುಣಮಟ್ಟ ಪರಿಶೀಲನಾ ಮಂಡಳಿಯಿಂದ ಬಂದ ಕೆಂಪು ಗುರುತು.
(ಆ) ಹಿರಿಯ ತಂತ್ರಜ್ಞೆಯವರ ರಜೆ ಅರ್ಜಿ.
(ಇ) ಮೇಲಂತಸ್ತಿನ ವೈದ್ಯರು ಫೋನಿನಲ್ಲಿ ಆಡಿದ ಮಾತು (ಪೂರ್ತಿ ಬರೆಯುವಂಥದ್ದಲ್ಲ).

ಪ್ರಸ್ತಾವನೆ:

ಈ ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ, ಕೈ ತೊಳೆಯುವ ತೊಟ್ಟಿಗೂ ಕಿಟಕಿಗೂ ನಡುವೆ, ರಕ್ತದ ಸಕ್ಕರೆ ಅಳೆಯುವ ಯಂತ್ರವೊಂದು ಇರುತ್ತದೆ. ಸದರಿ ಯಂತ್ರವು ಬಂದ ಹೊಸದರಲ್ಲಿ ಇದ್ದುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತಿತ್ತು. ಆದ್ದರಿಂದ ಅದು ಹೇಳಿದ್ದರಲ್ಲಿ ಹತ್ತನೇ ಒಂದು ಪಾಲು ಕಳೆದು ಬರೆಯತಕ್ಕದ್ದು ಎಂದು ಆಗಲೇ ತೀರ್ಮಾನವಾಗಿ, ಯಂತ್ರದ ನೆತ್ತಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ‘ಹತ್ತನೇ ಒಂದು ಕಳೆಯಿರಿ’ ಎಂದು ಬರೆಯಲಾಯಿತು. ಹೀಗೆ ಕಳೆಯುವುದಕ್ಕೆ ತಿದ್ದುಪಡಿ ಗುಣಕ ಎಂದು ಹೆಸರು. ಸಿಬ್ಬಂದಿ ಅದನ್ನು ಫ್ಯಾಕ್ಟರ್ ಎನ್ನುತ್ತಾರೆ. ಗೋಡೆಯ ಗಡಿಯಾರ ಮುಂದಿದೆ ಎಂದು ಗೊತ್ತಿರುವವರು ಅದನ್ನು ನೋಡಿ ಮನಸ್ಸಿನಲ್ಲೇ ಅಷ್ಟು ನಿಮಿಷ ಹಿಂದೆ ಸರಿಯುತ್ತಾರಲ್ಲ, ಅದೇ ವ್ಯವಹಾರ. ಇಲ್ಲಿ ಗಡಿಯಾರದ ಬದಲು ಜನರ ರಕ್ತ ಇರುತ್ತದೆ.

ಆಮೇಲೊಂದು ದಿನ ಮೆಕ್ಯಾನಿಕ್ ಬಂದು, ಯಂತ್ರದ ಹೊಟ್ಟೆ ಬಿಚ್ಚಿ, ಏನೋ ಮಾಡಿ, ಮುಚ್ಚಿ ಹೋಗಿರುತ್ತಾರೆ. ಏನು ಮಾಡಿದರೆಂದು ಅವರು ಹೇಳಲಿಲ್ಲ. ಊಟದ ಹೊತ್ತಾದ್ದರಿಂದ ಕೇಳಲು ಯಾರೂ ಇರಲಿಲ್ಲ. ಪ್ಲಾಸ್ಟರು ಮಾತ್ರ ನೆತ್ತಿಯ ಮೇಲೆ ಹಾಗೆಯೇ ಇದೆ.

ಗುಣಮಟ್ಟ ಪರಿಶೀಲನಾ ಮಂಡಳಿಯು ಆಗಾಗ ಮೊಹರು ಹಾಕಿದ ಸೀಸೆಯೊಂದನ್ನು ಕಳುಹಿಸುತ್ತದೆ. ಅದರೊಳಗೆ ಎಷ್ಟು ಸಕ್ಕರೆ ಇದೆ ಎಂಬುದು ಮಂಡಳಿಗೆ ಗೊತ್ತು, ನಮಗೆ ಗೊತ್ತಿರುವುದಿಲ್ಲ. ನಾವು ಪರೀಕ್ಷಿಸಿ ಹೇಳಬೇಕು. ಸರಿಯಾಗಿ ಹೇಳಿದರೆ ಹಸಿರು ಗುರುತು, ತಪ್ಪಿದರೆ ಕೆಂಪು. ಸಾಲಾಗಿ ಎರಡು ಕೆಂಪು ಬಿದ್ದರೆ ಪ್ರಯೋಗಾಲಯದ ಮಾನ್ಯತೆ ಹೋಗಿ ಬಾಗಿಲಿಗೆ ಬೀಗ ಬೀಳುತ್ತದೆ. ನಮಗೆ ಈವರೆಗೆ ಹಸಿರೇ ಬರುತ್ತಿತ್ತು. ‘ಅವರನ್ನು ನೋಡಿ ಕಲಿಯಿರಿ’ ಎಂದು ಮಂಡಳಿಯವರು ಉಳಿದ ಪ್ರಯೋಗಾಲಯಗಳಿಗೆ ಬರೆದದ್ದೂ ಉಂಟು. ಹೋದ ಸಲದ ಸೀಸೆಯಲ್ಲಿ ಇದ್ದದ್ದು ಇನ್ನೂರು. ನಾವು ಹೇಳಿದ್ದು ಇನ್ನೂರ ಇಪ್ಪತ್ತೆರಡು. ಕೆಂಪು ಬಿತ್ತು.

ಆ ದಿನ ಎಲ್ಲವೂ ಎಂದಿನಂತೆಯೇ ಇತ್ತು, ಹಿರಿಯ ತಂತ್ರಜ್ಞೆಯವರು ರಜೆಯಲ್ಲಿದ್ದರು ಎಂಬುದೊಂದನ್ನು ಬಿಟ್ಟು. ಈ ಬಗ್ಗೆ ವಿಚಾರಣೆ ನಡೆಸುವಂತೆ ಕೆಳಗೆ ಸಹಿ ಮಾಡಿರುವ ಗುಣಮಟ್ಟಾಧಿಕಾರಿಯವರು (ಇನ್ನು ಮುಂದೆ ‘ಸಹಿದಾರರು’) ಆದೇಶಿಸಿದರು. ಆದೇಶವನ್ನು ಸಹಿದಾರರೇ ವಿಧೇಯತೆಯಿಂದ ಸ್ವೀಕರಿಸಿ ವಿಚಾರಣೆ ಕೈಗೊಂಡರು. ಕಂಡುಬಂದ ಅಂಶಗಳನ್ನೂ ಅವುಗಳ ಮೇಲಿನ ಸೂಚನೆಗಳನ್ನೂ ಸಂಬಂಧಪಟ್ಟವರೆಲ್ಲರ ಅವಗಾಹನೆಗೆ ಈ ಮೂಲಕ ತರಲಾಗಿದೆ.

೧. ಮೊದಲಿಗೆ ಯಂತ್ರ ನಡೆಸುವ ತಂತ್ರಜ್ಞರನ್ನು ಕರೆಸಲಾಯಿತು. ಹೇಳಿದ ಕೆಲಸ ಮುಗಿಯುವ ಮೊದಲೇ, ಕೆಲವೊಮ್ಮೆ ಹೇಳಿ ಮುಗಿಸುವ ಮೊದಲೇ, ‘ಆಯ್ತು’ ಎನ್ನುವುದರಿಂದ ಇವರಿಗೆ ಆಯ್ತಪ್ಪ ಎಂದು ಹೆಸರು ಬಿದ್ದಿದ್ದು, ಹಾಜರಿ ಪುಸ್ತಕ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಅದೇ ಚಾಲ್ತಿಯಲ್ಲಿರುತ್ತದೆ. ಇವರ ಹೇಳಿಕೆ: “ಕಳೀರಿ ಅಂತ ಬರ್ದಿದೆ ಸರ್, ಕಳೀತೀನಿ. ಯಾಕೆ ಅಂತ ಕೇಳೋಕೆ ನಾನ್ಯಾರು? ಆ ಪ್ಲಾಸ್ಟರು ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ ಇದೆ. ಸರ್ವಿಸ್‌ನಲ್ಲಿ ನನಗಿಂತ ಸೀನಿಯರ್ ಅದು.” ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಸಾಲಿಗೆ ಇವರನ್ನು ಸೇರಿಸಬಹುದಾದರೂ, ಲಿಖಿತ ಸೂಚನೆಯನ್ನು ಪಾಲಿಸಿದ್ದರಿಂದ ಇವರ ಮೇಲೆ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

೨. ಅನಂತರ ಹಿರಿಯ ತಂತ್ರಜ್ಞೆಯವರನ್ನು ಕರೆಸಲಾಯಿತು. ಇವರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಕಡತದಿಂದ ಹೊರಗೆ ಸಹಿದಾರರೂ ಹಾಗೆಯೇ ಕರೆಯುವುದರಿಂದ, ಬರೆಯುವ ಅನುಕೂಲಕ್ಕಾಗಿ ಇಲ್ಲಿಯೂ ಅದನ್ನೇ ಬಳಸಲಾಗಿದೆ. ಹೇಳಿಕೆ: “ಅವನು ಆಯ್ತು ಅಂದ್ರೆ ಆಗಿಲ್ಲ ಅಂತ ಅರ್ಥ ಸರ್. ಫ್ಯಾಕ್ಟರ್ ಹಾಕಿದ್ಯೇನಪ್ಪಾ ಅಂದ್ರೆ, ಆಯ್ತಕ್ಕಾ ಅಂತಾನೆ. ಅವನನ್ನ ನಂಬ್ಕೊಂಡು ಕೂತ್ರೆ ರೋಗಿಗಳ ಗತಿ ಏನು? ಅದಕ್ಕೇ ನಾನೂ ಒಂದು ಸಲ ಕಳೆದುಬಿಡ್ತೀನಿ. ಎದುರಿಗೇ ಕಳೆದ್ರೆ ಬೇಜಾರು ಮಾಡ್ಕೋತಾನೆ ಅಂತ ಗೋಡೆ ಕಡೆ ತಿರುಗಿ ಕಳೀತೀನಿ.” ಗೋಡೆಯನ್ನು ಪರಿಶೀಲಿಸಲಾಗಿ, ಅಕ್ಕ ಹೇಳಿದ್ದು ನಿಜವೆಂದು ಕಂಡುಬಂದಿದೆ, ಅಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಲೆಕ್ಕಗಳಿವೆ.

೩. ಕೊನೆಗೆ ಸಹಿದಾರರು ಸಹಿದಾರರನ್ನೇ ಕರೆಸಿ ವಿಚಾರಿಸಿದರು. ಪ್ರಶ್ನೆ ಕೇಳುವಾಗ ಕುಳಿತೂ ಉತ್ತರ ಹೇಳುವಾಗ ಎದ್ದು ನಿಂತೂ ಕಚೇರಿಯ ಶಿಸ್ತನ್ನು ಕಾಪಾಡಲಾಯಿತು. ಹೇಳಿಕೆಯ ಸಾರಾಂಶವೇನೆಂದರೆ, ಸಹಿದಾರರು ಈ ಹುದ್ದೆಗೆ ಬಂದ ಹೊಸದರಲ್ಲಿ ಮೇಲಂತಸ್ತಿನ ವೈದ್ಯರು ದಿನಾ ಫೋನು ಮಾಡುತ್ತಿದ್ದರು. “ಏನ್ರೀ, ನಿಮ್ಮ ಲ್ಯಾಬಲ್ಲಿ ಸಕ್ಕರೆ ಕಾಯಿಲೆಯವರೆಲ್ಲ ವಾಸಿಯಾಗ್ಬಿಡ್ತಾರೆ, ಮೆಟ್ಟಿಲು ಹತ್ತಿ ನನ್ನ ಹತ್ರ ಬರೋಷ್ಟರಲ್ಲಿ ಮತ್ತೆ ಬರತ್ತೆ, ಇದೇನ್ರೀ ಮಾಯ?” ಎಂಬುದು ಅವರ ಮಾತಿನಲ್ಲಿ ಬರೆಯಬಹುದಾದ ಭಾಗ. ಹೀಗಾಗಿ ಸಹಿದಾರರು ಸಹಿ ಹಾಕುವ ಮುನ್ನ ಫಲಿತಾಂಶಕ್ಕೆ ಒಂದಿಷ್ಟು ಕೂಡಿಸತೊಡಗಿದರು. ಫೋನು ಬಂದಾಗಲೆಲ್ಲ ಇನ್ನಿಷ್ಟು ಕೂಡಿಸಿದರು. ಫೋನು ನಿಂತ ದಿನ ಕೂಡಿಸುವುದನ್ನು ಅಲ್ಲಿಗೇ ನಿಲ್ಲಿಸಿದರು. ಅದು ನೂರಕ್ಕೆ ಇಪ್ಪತ್ತಮೂರೂವರೆಗೆ ಬಂದು ನಿಂತಿತ್ತು. ಈ ಅಂಕಿ ಯಾವ ಪುಸ್ತಕದಲ್ಲೂ ಇಲ್ಲ. ಅದು ತಮ್ಮ ಅನುಭವದ ಗಳಿಕೆಯೆಂದು ಸಹಿದಾರರಿಗೆ ಅಭಿಮಾನವಿತ್ತು. ಹೆಮ್ಮೆ ತಡೆಯಲಾರದೆ ಒಮ್ಮೆ ಮನೆಯಲ್ಲಿ ಪ್ರಸ್ತಾಪಿಸಿದಾಗ ಸಹಿದಾರರ ಪತ್ನಿಯವರು, “ನಿಮ್ಮ ಮಾತನ್ನ ನಾನು ಮದುವೆ ಆದಾಗಿಂದ ಕಾಲು ಭಾಗ ಕಳೆದೇ ಕೇಳೋದು. ಸಂಸಾರ ನಡೀತಿಲ್ವಾ?” ಎಂದಿರುತ್ತಾರೆ. ಸದರಿ ಹೇಳಿಕೆಯನ್ನು ವಿಚಾರಣೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

೪. ಮೂರೂ ಹೇಳಿಕೆಗಳನ್ನು ಒಟ್ಟಿಗೆ ಇಟ್ಟು ನೋಡಲಾಗಿ ಈ ಕೆಳಗಿನಂತೆ ತಿಳಿದುಬಂತು. ಯಂತ್ರವು ಇನ್ನೂರು ಎನ್ನುತ್ತದೆ. ಆಯ್ತಪ್ಪನವರು ಕಳೆದು ನೂರ ಎಂಬತ್ತು ಎನ್ನುತ್ತಾರೆ. ಅಕ್ಕ ಮತ್ತೆ ಕಳೆದು ನೂರ ಅರವತ್ತೆರಡು ಎನ್ನುತ್ತಾರೆ. ಸಹಿದಾರರು ಕೂಡಿಸಿ ಇನ್ನೂರು ಎಂದು ಸಹಿ ಹಾಕುತ್ತಾರೆ. ಮೂವರೂ ಹಾಜರಿದ್ದರೆ ಫಲಿತಾಂಶ ಸರಿಯಾಗಿರುತ್ತದೆ. ಒಬ್ಬರು ಗೈರುಹಾಜರಾದರೂ ಕೆಡುತ್ತದೆ. ಸೀಸೆ ಬಂದ ದಿನ ಅಕ್ಕ ಇಲ್ಲದ್ದರಿಂದ ಅವರ ಪಾಲಿನ ತಪ್ಪು ತಪ್ಪಿಹೋಗಿ, ಇನ್ನೂರ ಇಪ್ಪತ್ತೆರಡು ಬಂದಿರುತ್ತದೆ.

ಮುಂದುವರಿದು, ಪ್ರತಿ ಮಂಗಳವಾರ ಸಹಿದಾರರು ಮೇಲಿನ ಕಚೇರಿಯ ಸಭೆಗೆ ಹೋಗುವುದರಿಂದ ಅಂದು ಕೂಡಿಸಲು ಯಾರೂ ಇರುವುದಿಲ್ಲ, ಕಳೆಯಲು ಮಾತ್ರ ಇಬ್ಬರು ಇರುತ್ತಾರೆ. ಆದಕಾರಣ ಮಂಗಳವಾರಗಳಂದು ಸುತ್ತಮುತ್ತಲಿನವರ ಸಕ್ಕರೆಯೆಲ್ಲ ಇಳಿಯುತ್ತಿತ್ತು. ಇದು ಕಚೇರಿಗಿಂತ ಮೊದಲು ಬೀದಿಗೆ ಗೊತ್ತಾಗಿದೆ. ಎದುರು ಸಾಲಿನ ಟೈಲರ್ ಒಬ್ಬರು ಸೋಮವಾರ ಪರೀಕ್ಷೆ ಮಾಡಿಸಿ ಹೆಂಡತಿಯಿಂದ ಬೈಸಿಕೊಂಡು, ಮರುದಿನ ಮತ್ತೆ ಮಾಡಿಸಿ ಹೊಗಳಿಸಿಕೊಂಡು, ಗುಟ್ಟನ್ನು ಅಳತೆ ಕೊಡಲು ಬಂದವರಿಗೆಲ್ಲ ಹಂಚಿರುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳುವವರಿಗೇನು ಬರ, ಮಂಗಳವಾರ ಕಾಲಿಡಲು ಜಾಗವಿಲ್ಲದಂತಾಯಿತು. ಸಹಿದಾರರು ಇದನ್ನು ಪ್ರಯೋಗಾಲಯದ ಜನಪ್ರಿಯತೆ ಎಂದು ತಿಳಿದು ಹೆಚ್ಚುವರಿ ಬೆಂಚುಗಳಿಗೆ ಬರೆದಿದ್ದರು. ಬೆಂಚುಗಳು ಬಂದಿವೆ.

೫. ಈ ಲೆಕ್ಕವನ್ನು ಓದಿ ಹೇಳಿದ ಮೇಲೆ ಅಕ್ಕ, ಕೇಳದಿದ್ದರೂ, ಒಂದು ಮಾತು ಹೇಳಿದ್ದು ದಾಖಲಾಗಿದೆ: “ಇನ್ನೂರರಿಂದ ಹೊರಟು ಇನ್ನೂರಕ್ಕೇ ಬಂದ್ವಲ್ಲ ಸರ್. ಮಂಡಳಿಯವರೂ ಇನ್ನೂರು ಅಂತಾರೆ. ಹಾಗಾದ್ರೆ ಯಂತ್ರ ಮೊದಲೇ ಸರಿಯಾಗಿ ಹೇಳಿತ್ತು. ಮಧ್ಯದಲ್ಲಿ ನಾವು ಮೂರು ಜನ ಯಾಕೆ ಬೇಕಿತ್ತು?”

ಈ ಪ್ರಶ್ನೆಗೆ ಆಯ್ತಪ್ಪನವರು ಕೂಡ ‘ಆಯ್ತು’ ಎನ್ನಲಿಲ್ಲ. ಸಹಿದಾರರಿಗೆ ಬೇಸರವಾಯಿತು. ಇಷ್ಟು ವರ್ಷ ತಾವೊಬ್ಬರೇ ಈ ಪ್ರಯೋಗಾಲಯವನ್ನು ಎತ್ತಿ ನಿಲ್ಲಿಸಿದ್ದೇವೆ ಎಂದುಕೊಂಡಿದ್ದವರು, ಉಳಿದಿಬ್ಬರು ಕೆಡವಿದ್ದನ್ನಷ್ಟೇ ಎತ್ತುತ್ತಿದ್ದರೆಂದು ತಿಳಿದರೆ ಬೇಸರವಾಗದೆ ಇರುವುದಿಲ್ಲ. ಬೇಸರವನ್ನು ದಾಖಲಿಸಲು ಪ್ರತ್ಯೇಕ ನಮೂನೆ ಇಲ್ಲದ ಕಾರಣ ಇಲ್ಲಿಯೇ ದಾಖಲಿಸಲಾಗಿದೆ.

೬. ಯಂತ್ರವು ಸರಿಯಾಗಿದೆ ಎಂದು ಒಪ್ಪಿಕೊಳ್ಳಲು ಅನುಮತಿ ಕೋರಿ ಮೇಲಿನ ಕಚೇರಿಗೆ ಬರೆಯಲಾಯಿತು. ಅಲ್ಲಿಂದ ಬಂದ ಉತ್ತರ: ‘ಯಂತ್ರ ಸರಿಯಿದೆ ಎಂದು ಒಪ್ಪಲು ಬರುವುದಿಲ್ಲ. ಒಪ್ಪಿದಲ್ಲಿ ಈವರೆಗೆ ಕಳೆದದ್ದು ಮತ್ತು ಕೂಡಿಸಿದ್ದು ಯಾವ ಲೆಕ್ಕಕ್ಕೆ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಮುಂದಿನ ಹಸಿರು ಗುರುತು ಬರುವವರೆಗೆ ಮೂರೂ ಗುಣಕಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಂಡು ಬರತಕ್ಕದ್ದು.’

ಇಲ್ಲಿ ಒಂದು ತೊಡಕು ಇರುತ್ತದೆ. ಮುಂದಿನ ಸೀಸೆ ಬರುವುದು ಬರುವ ತಿಂಗಳು. ಅಕ್ಕ ಈಗಿನಿಂದಲೇ ಕೇಳಿರುವ ರಜೆ ಆಗಲೂ ಮುಗಿದಿರುವುದಿಲ್ಲ. ಬೇರೆ ಊರಿನಲ್ಲಿರುವ ಅವರ ಮಗಳಿಗೆ ದಿನ ತುಂಬಿದ್ದು, ಹೆರಿಗೆಗೆ ಹಾಗೂ ಬಾಣಂತನಕ್ಕೆ ತಾಯಿ ಹೋಗಬೇಕಾಗಿರುತ್ತದೆ. ಅಕ್ಕ ಹೋದರೆ ಎರಡನೇ ಕೆಂಪು ಬಿದ್ದು ಬೀಗ. ಹೋಗದಿದ್ದರೆ ಮಗಳು ಒಬ್ಬಳೇ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದೃಷ್ಟಿಯಿಂದ ಸಹಿದಾರರು ಈ ಕೆಳಗಿನ ತಾತ್ಕಾಲಿಕ ಸೂಚನೆಗಳನ್ನು ಸಿದ್ಧಪಡಿಸಿದರು.

೭. ಮೂವರೂ ಒಟ್ಟಿಗೆ ತಪ್ಪತಕ್ಕದ್ದು. ಒಬ್ಬರೇ ತಪ್ಪುವುದನ್ನೂ ಒಬ್ಬರೇ ಸರಿಯಾಗಿರುವುದನ್ನೂ ಸಮಾನ ದುರ್ನಡತೆ ಎಂದು ಪರಿಗಣಿಸಲಾಗುವುದು. ಒಬ್ಬರಿಗೆ ಜ್ವರ ಬಂದಲ್ಲಿ ಮೂವರಿಗೂ ಬಂದಿದೆ ಎಂದು ಭಾವಿಸಿ ಅಂದಿನ ಪರೀಕ್ಷೆಗಳನ್ನು ಮುಂದೂಡತಕ್ಕದ್ದು. ಚಹಾಕ್ಕೂ ಮೂವರೂ ಜೊತೆಯಾಗಿ ಹೋಗಿ ಜೊತೆಯಾಗಿ ಬರತಕ್ಕದ್ದು.

೮. ಅಕ್ಕನ ಬದಲಿಗೆ ನೇಮಕವಾಗುವವರು ಆಯ್ತಪ್ಪನವರನ್ನು ಅಕ್ಕನಷ್ಟೇ ಅನುಮಾನಿಸುವವರಾಗಿರತಕ್ಕದ್ದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಸಂಬಂಧ ಸಂದರ್ಶನ ನಡೆಸಲಾಯಿತು. ರಕ್ತ ತೆಗೆಯುವ ಸಿಸ್ಟರ್ ಅವರು, “ಪಾಪ, ಆಯ್ತು ಅಂದ್ರೆ ಮಾಡಿರ್ತಾನೆ ಬಿಡಿ” ಎಂದದ್ದರಿಂದ ಅನರ್ಹರಾದರು. ಉಗ್ರಾಣದವರು ಅನುಮಾನದಲ್ಲಿ ಬಹಳ ಮುಂದಿದ್ದು, ಮೂರು ಸಲ ಕಳೆದದ್ದಲ್ಲದೆ, ಯಂತ್ರವನ್ನು ನಿಜವಾಗಿ ಖರೀದಿಸಲಾಗಿದೆಯೇ ಎಂದೂ ಕೇಳಿದರು. ಎಕ್ಸ್‌ರೇ ಕೋಣೆಯವರು ಆಯ್ತಪ್ಪನವರ ಸ್ವಂತ ಭಾವಮೈದುನರಾಗಿದ್ದು, ಅನುಮಾನದ ಪ್ರಮಾಣ ತೃಪ್ತಿಕರವಾಗಿತ್ತು. ಆದರೆ ಅದು ಮನೆ ಪಾಲಾದಾಗ ಹುಟ್ಟಿದ ಖಾಸಗಿ ಅನುಮಾನವಾದ್ದರಿಂದ ಕಚೇರಿ ಕೆಲಸಕ್ಕೆ ಬಳಸಲು ಬರುವುದಿಲ್ಲ.

೯. ತಕ್ಕವರು ಸಿಗದ ಕಾರಣ, ಅಕ್ಕ ತಮ್ಮ ಅನುಮಾನವನ್ನು ಕಚೇರಿಯಲ್ಲಿಯೇ ಬಿಟ್ಟು ಹೋಗಬಹುದೇ ಎಂದು ಪರಿಶೀಲಿಸಲಾಯಿತು. ಅದರಂತೆ ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಇಡತಕ್ಕದ್ದು. ಆಯ್ತಪ್ಪನವರು ಪ್ರತಿ ಫಲಿತಾಂಶದ ಕೊನೆಗೆ ಸದರಿ ಖಾಲಿ ಕುರ್ಚಿಯ ಹಿಂದೆ ನಿಂತು, ತಮ್ಮನ್ನು ಯಾರೋ ನಂಬುತ್ತಿಲ್ಲ ಎಂದು ಮನಸ್ಸಿಗೆ ತಂದುಕೊಂಡು, ಇನ್ನೊಮ್ಮೆ ಕಳೆಯತಕ್ಕದ್ದು. ಈ ಅವಧಿಯಲ್ಲಿ ಆಯ್ತಪ್ಪನವರು ಯಾವುದೇ ಕಾರಣಕ್ಕೂ ಸುಧಾರಿಸತಕ್ಕದ್ದಲ್ಲ. ಅವರು ಹೇಳಿದ ಕೆಲಸವನ್ನು ಹೇಳಿದಂತೆ ಮಾಡತೊಡಗಿದರೆ ಅನುಮಾನಕ್ಕೆ ಆಧಾರವೇ ಇಲ್ಲದಂತಾಗುವುದರಿಂದ, ಅವರಿಗೆ ಲಿಖಿತ ಎಚ್ಚರಿಕೆ ನೀಡಲಾಗಿದೆ. ಪತ್ರ ತಲುಪಿದ್ದಕ್ಕೆ ಅವರು ‘ಆಯ್ತು’ ಎಂದಿದ್ದಾರೆ. ಓದಿದ್ದಾರೆಯೇ ಎಂಬುದು ಖಚಿತವಾಗಿಲ್ಲ.

೧೦. ಮಂಡಳಿಯ ಸೀಸೆಯನ್ನು ಬೀಗರು ಬಂದಂತೆ ಉಪಚರಿಸುವ ಪದ್ಧತಿಯನ್ನು ನಿಲ್ಲಿಸತಕ್ಕದ್ದು. ಸೀಸೆ ಬಂದ ದಿನ ಮೇಜು ಒರೆಸುವುದು, ಒಗೆದ ಕೋಟು ಹಾಕಿಕೊಳ್ಳುವುದು, ಮತ್ತೆ ಮತ್ತೆ ಪರೀಕ್ಷಿಸಿ ಚೆನ್ನಾಗಿ ಕಂಡದ್ದನ್ನು ಆರಿಸುವುದು, ಪಕ್ಕದ ಪ್ರಯೋಗಾಲಯಕ್ಕೆ ಫೋನು ಮಾಡಿ “ನಿಮ್ದು ಎಷ್ಟು ಬಂತು?” ಎಂದು ಕೇಳುವುದು, ಇವೆಲ್ಲ ಕಂಡುಬಂದಿವೆ. ಪಕ್ಕದವರು ನಮಗೆ ಸುಳ್ಳು ಹೇಳುತ್ತಾರೆಂದು ನಾವು ಒಂದಿಷ್ಟು ಕಳೆದು ಕೇಳುತ್ತೇವೆ; ನಾವು ಕಳೆಯುತ್ತೇವೆಂದು ತಿಳಿದು ಅವರು ಕೂಡಿಸಿ ಹೇಳುತ್ತಾರೆ. ಇನ್ನು ಮುಂದೆ ಸೀಸೆಯನ್ನು ಸಾಮಾನ್ಯ ರೋಗಿಯಂತೆಯೇ ನಡೆಸಿಕೊಳ್ಳತಕ್ಕದ್ದು. ಅದಕ್ಕೆ ಚೀಟಿ ಕೊಟ್ಟು ಬೆಂಚಿನ ಮೇಲೆ ಕೂರಿಸತಕ್ಕದ್ದು. ಅದರ ಸರದಿ ಬಂದಾಗ ಊಟಕ್ಕೆ ಏಳತಕ್ಕದ್ದು. ಊಟದಿಂದ ಬಂದ ಮೇಲೆ ಅದನ್ನು ನೋಡಿ, ‘ನಾಳೆ ಬನ್ನಿ’ ಎನ್ನತಕ್ಕದ್ದು.

೧೧. ತಿದ್ದುಪಡಿ ಗುಣಕವನ್ನು ರಕ್ತವಲ್ಲದ ವಿಷಯಗಳಿಗೂ ಹಾಕುತ್ತಿರುವುದು ಗಮನಕ್ಕೆ ಬಂದಿದ್ದು, ಈ ಕೆಳಗಿನವುಗಳಿಗೆ ಮಾತ್ರ ಅನುಮತಿಸಲಾಗಿದೆ. ರೋಗಿಯು ‘ಬೆಳಗ್ಗೆಯಿಂದ ಏನೂ ತಿಂದಿಲ್ಲ’ ಎಂದಲ್ಲಿ ಒಂದು ಲೋಟ ಕಾಫಿ ಕೂಡಿಸಿಕೊಳ್ಳತಕ್ಕದ್ದು. ‘ಒಂದೇ ಒಂದು ಬಿಸ್ಕತ್ತು’ ಎಂದಲ್ಲಿ ಪೊಟ್ಟಣ ಎಂದು ಓದಿಕೊಳ್ಳತಕ್ಕದ್ದು. ‘ದಿನಾ ವಾಕಿಂಗ್ ಹೋಗ್ತೀನಿ’ ಎಂದಲ್ಲಿ ರೋಗಿಯ ಹೆಂಡತಿಯ ಅಥವಾ ಗಂಡನ ಮುಖ ನೋಡಿ ನಿರ್ಧರಿಸತಕ್ಕದ್ದು. ರಕ್ತ ತೆಗೆಯುವ ಸಿಸ್ಟರ್ ‘ಇರುವೆ ಕಚ್ಚಿದ ಹಾಗಾಗತ್ತೆ ಅಷ್ಟೇ’ ಎಂದಲ್ಲಿ ಇರುವೆಯ ಗಾತ್ರವನ್ನು ರೋಗಿಯೇ ತನ್ನ ಧೈರ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳತಕ್ಕದ್ದು.

೧೨. ಕಂಡಿಕೆ ೧೧ ಟೈಪಾಗುತ್ತಿರುವಾಗ ಅಕ್ಕ ಸಹಿದಾರರ ಕೋಣೆಗೆ ಬಂದರು. ರಜೆಯ ವಿಷಯ ಏನಾಯಿತೆಂದು ಕೇಳಿದರು. ಸಹಿದಾರರು ಉತ್ತರವಾಗಿ ಕಂಡಿಕೆ ೭ರಿಂದ ಗಟ್ಟಿಯಾಗಿ ಓದತೊಡಗಿದರು. ಖಾಲಿ ಕುರ್ಚಿಯವರೆಗೆ ಓದಿದಾಗ ಅಕ್ಕ ಕೈ ಅಡ್ಡ ಹಿಡಿದು ನಿಲ್ಲಿಸಿದರು.

ಅವರು ಹೇಳಿದ್ದನ್ನು ಹೇಳಿದಂತೆ ಬರೆಯಲಾಗಿದೆ: “ಸರ್, ನನ್ನ ಕುರ್ಚಿ ಆ ಕಡೆ ತಿರುಗಿಸ್ಕೊಳ್ಳಿ, ಈ ಕಡೆ ತಿರುಗಿಸ್ಕೊಳ್ಳಿ. ಮಗಳಿಗೆ ಇದು ಎರಡನೇದು. ಮೊದಲನೇದಕ್ಕೆ ನನಗೆ ರಜೆ ಸಿಗಲಿಲ್ಲ. ಮಗು ಉಳೀಲಿಲ್ಲ. ನಾನಿದ್ದಿದ್ರೆ ಉಳೀತಿತ್ತು ಅಂತ ನಾನು ಹೇಳಲ್ಲ. ಅದು ಯಾರ ಕೈಲಿತ್ತು. ಆದ್ರೆ ಅವಳು ಅಮ್ಮಾ ಅಂತ ಕೂಗಿದಾಗ ಆ ಕೋಣೇಲಿ ನಾನಿರಲಿಲ್ಲ. ಅವತ್ತು ಇಲ್ಲಿ ಕೂತು ಗೋಡೆ ನೋಡ್ಕೊಂಡು ಹತ್ತನೇ ಒಂದು ಕಳೀತಿದ್ದೆ. ಅದೂ ಬೇಕಾಗಿರಲಿಲ್ಲ ಅಂತ ಈಗ ಗೊತ್ತಾಯ್ತಲ್ಲ.”

ಅಕ್ಕ ಅಳಲಿಲ್ಲ. ಸೆರಗಿನಿಂದ ಸಹಿದಾರರ ಮೇಜಿನ ಮೇಲಿದ್ದ ಚಹಾದ ಕಲೆಯನ್ನು ಒರೆಸಿ ಹೊರಗೆ ಹೋದರು. ಸಹಿದಾರರಿಗೆ ನಾಚಿಕೆಯಾಯಿತು. ಟೈಪು ಮಾಡುವವರು ಮುಂದೇನು ಎಂದು ಕೇಳಿದರು.

೧೩. ಆದುದರಿಂದ ಕಂಡಿಕೆ ೭ರಿಂದ ೧೧ರವರೆಗಿನ ಸೂಚನೆಗಳನ್ನು ಹಿಂಪಡೆಯಲಾಗಿದೆ. ಟೈಪು ಮಾಡಿದ ಶ್ರಮ ವ್ಯರ್ಥವಾಗಬಾರದೆಂದು ಅವುಗಳನ್ನು ಅಳಿಸಿರುವುದಿಲ್ಲ. ಬಿಸ್ಕತ್ತಿನ ಬಗೆಗಿನ ಸೂಚನೆಯು ಮಾತ್ರ ಊರ್ಜಿತದಲ್ಲಿರುತ್ತದೆ.

೧೪. ಇಂದಿನಿಂದ ಯಂತ್ರವು ಏನು ಹೇಳುತ್ತದೆಯೋ ಅದನ್ನೇ ಬರೆಯತಕ್ಕದ್ದು. ಆಯ್ತಪ್ಪನವರು ಕಳೆಯತಕ್ಕದ್ದಲ್ಲ. ಯಾರೂ ಗೋಡೆಯ ಕಡೆ ತಿರುಗತಕ್ಕದ್ದಲ್ಲ. ಸಹಿದಾರರ ಇಪ್ಪತ್ತಮೂರೂವರೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಅದರ ಬಗ್ಗೆ ಅವರಿಗೆ ಇನ್ನೂ ಸ್ವಲ್ಪ ವ್ಯಾಮೋಹ ಉಳಿದಿರುವುದನ್ನು ಗಮನಿಸಲಾಗಿದೆ. ಮಂಡಳಿಯ ಸೀಸೆ ಬಂದಾಗ ಸಹಿದಾರರನ್ನು ಕೋಣೆಯ ಹೊರಗೆ ನಿಲ್ಲಿಸತಕ್ಕದ್ದು, ಅವರ ಪೆನ್ನನ್ನು ಆಯ್ತಪ್ಪನವರು ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು. ಅಭ್ಯಾಸಬಲದಿಂದ ಕೈ ತಾನಾಗಿ ಕೂಡಿಸುವ ಸಂಭವವಿರುತ್ತದೆ. ಯಥಾಸ್ಥಿತಿ ಕಾಪಾಡಬೇಕೆಂಬ ಮೇಲಿನ ಕಚೇರಿಯ ಆದೇಶವನ್ನು ಮೀರಿರುವುದು ಸಹಿದಾರರಿಗೆ ತಿಳಿದಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯೂ ತಿಳಿದಿದೆ. ಕೆಂಪು ಬಿದ್ದಲ್ಲಿ ಅದು ಸಹಿದಾರರೊಬ್ಬರ ಮೇಲೆಯೇ ಬೀಳತಕ್ಕದ್ದು, ಅದನ್ನು ಮೂವರಿಗೆ ಹಂಚತಕ್ಕದ್ದಲ್ಲ.

೧೫. ಮಂಗಳವಾರಗಳಂದು ಪರೀಕ್ಷೆ ಮಾಡಿಸಿಕೊಂಡವರೆಲ್ಲರನ್ನೂ ಮತ್ತೆ ಕರೆಸಿ, ಶುಲ್ಕವಿಲ್ಲದೆ ಪರೀಕ್ಷಿಸಿ, ತಪ್ಪು ನಮ್ಮದೆಂದು ಬಾಯಿಬಿಟ್ಟು ಹೇಳತಕ್ಕದ್ದು. ಸಕ್ಕರೆ ಇಳಿದಿದೆಯೆಂದು ಅವರು ಪಟ್ಟ ಸಂತೋಷವನ್ನು ವಾಪಸು ಪಡೆಯಲು ಇಲಾಖೆಯಲ್ಲಿ ವಿಧಾನವಿಲ್ಲ. ಆ ಸಂತೋಷದಲ್ಲಿ ತಿಂದದ್ದನ್ನು ಕೂಡ. ಟೈಲರ್ ಅವರಿಗೆ ಈ ವಿಷಯವನ್ನು ಸಹಿದಾರರು ಖುದ್ದಾಗಿ ತಿಳಿಸಿದ್ದು, ಅವರು ಕತ್ತರಿ ಕೆಳಗಿಟ್ಟು, “ಗೊತ್ತಿತ್ತು ಸ್ವಾಮಿ. ವಾರಕ್ಕೊಂದು ದಿನ ಮನೇಲಿ ನೆಮ್ಮದಿಯಾಗಿತ್ತು, ಅಷ್ಟೇ” ಎಂದಿರುತ್ತಾರೆ. ಮರುದಿನ ಬೆಳಗ್ಗೆ ಬರುವುದಾಗಿ ಒಪ್ಪಿದ್ದಾರೆ.

೧೬. ಹಿರಿಯ ತಂತ್ರಜ್ಞೆಯವರ ರಜೆಯನ್ನು ಮಂಜೂರು ಮಾಡಲಾಗಿದೆ. ಈ ಕಚೇರಿಯಲ್ಲಿ ಬೇಕಾದ ರಜೆಯ ಎರಡರಷ್ಟನ್ನು ಕೇಳುವುದು ಸಿಬ್ಬಂದಿಯ ರೂಢಿ, ಕೇಳಿದ್ದರಲ್ಲಿ ಅರ್ಧವನ್ನು ಕೊಡುವುದು ಕಚೇರಿಯ ರೂಢಿ. ಅಕ್ಕ ಎರಡು ತಿಂಗಳು ಎಂದು ಬರೆದಿದ್ದರು. ಸಹಿದಾರರು ಎರಡು ತಿಂಗಳು ಎಂದೇ ಓದಿದರು, ಎರಡು ತಿಂಗಳು ಎಂದೇ ಬರೆದರು. ಮಂಜೂರಾತಿಯನ್ನು ಕೈಗೆ ತೆಗೆದುಕೊಂಡ ಅಕ್ಕ, ಎಲ್ಲೋ ತಪ್ಪಾಗಿದೆ, ತಾವು ಅರ್ಧ ಸಿಗುತ್ತದೆಂದು ಬರೆದದ್ದು ಎಂದು ಗಮನಕ್ಕೆ ತಂದರು. ತಪ್ಪಾಗಿಲ್ಲ ಎಂದು ಅವರಿಗೆ ತಿಳಿಸಲಾಯಿತು. ಆಗ ಮಾತ್ರ ಅವರಿಗೆ ಅಳು ಬಂತು.

ಮೇಲ್ಕಂಡ ಸೂಚನೆಗಳನ್ನು ಬರೆದಿರುವಷ್ಟೇ ಪಾಲಿಸತಕ್ಕದ್ದು. ಸಹಿದಾರರು ಏನೋ ಹೆಚ್ಚು ಹೇಳಿದ್ದಾರೆಂದು ಕಳೆದುಕೊಳ್ಳುವುದಾಗಲಿ, ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂದು ಕೂಡಿಸಿಕೊಳ್ಳುವುದಾಗಲಿ ಸಲ್ಲದು.

(ಸಹಿ)
ಗುಣಮಟ್ಟಾಧಿಕಾರಿ
ಪೆನ್ನು ಇನ್ನೂ ಒಪ್ಪಿಸಬೇಕಾಗಿದೆ

ಪ್ರತಿಗಳು:

೧. ಮೇಲಿನ ಕಚೇರಿಗೆ: ಅನುಮತಿಗಾಗಿ ಅಲ್ಲ, ಮಾಹಿತಿಗಾಗಿ.

೨. ಗುಣಮಟ್ಟ ಪರಿಶೀಲನಾ ಮಂಡಳಿಗೆ: ಮುಂದಿನ ಸೀಸೆಯನ್ನು ನಿರ್ಭಯವಾಗಿ ಕಳುಹಿಸುವಂತೆ ಕೋರಿ.

೩. ಮೇಲಂತಸ್ತಿನ ವೈದ್ಯರಿಗೆ: ಇನ್ನು ಮುಂದೆ ಫಲಿತಾಂಶವನ್ನು ಬರೆದಂತೆಯೇ ಓದಬೇಕೆಂಬ ವಿನಂತಿಯೊಂದಿಗೆ. ಮಾತು ಬೇಕಿದ್ದಲ್ಲಿ ಫೋನು ಮಾಡಬಹುದು.

೪. ಆಯ್ತಪ್ಪನವರಿಗೆ: ಸುಧಾರಿಸಲು ಅನುಮತಿಯೊಂದಿಗೆ.

೫. ಉಗ್ರಾಣಕ್ಕೆ: ಹೆಚ್ಚುವರಿ ಬೆಂಚುಗಳ ಬಗ್ಗೆ. ಅವು ನಿಜವಾಗಿ ಇವೆ, ಬಂದು ನೋಡಬಹುದು.

೬. ಸಹಿದಾರರ ಪತ್ನಿಯವರಿಗೆ: ಇದೊಂದು ಸಲ ಪೂರ್ತಿಯಾಗಿ ಕೇಳುವಂತೆ ಕೋರಿ.

೭. ಹಿರಿಯ ತಂತ್ರಜ್ಞೆಯವರ ಮಗಳಿಗೆ: ತಾಯಿಯವರು ಮಧ್ಯಾಹ್ನದ ಬಸ್ಸು ಹತ್ತಿದ್ದಾರೆ. ಎರಡು ತಿಂಗಳು ಇರುತ್ತಾರೆ. ಇದರಲ್ಲಿ ಏನನ್ನೂ ಕಳೆಯಬೇಕಾಗಿಲ್ಲ.